ಕೂಗಳತೆಯ ದೂರ

ಕೊರೋನಾ ಕಾಲದ ಪಾಠಕ್ಕೆ ನಾವೆಲ್ಲ ‘ದೂರಶಿಕ್ಷಣ’ ಎಂದು ಹೆಸರಿಟ್ಟೆವು. ಮೇಷ್ಟ್ರು ಎಲ್ಲೋ, ಮಕ್ಕಳು ಎಲ್ಲೋ. ಆ ಲೆಕ್ಕದಲ್ಲಿ ಹೆಸರು ಸರಿಯೇ. ಆದರೆ 15ರ ಹುಡುಗನೊಬ್ಬ ಇರುವ ಮನೆಯ ಒಳಗಿನಿಂದ ನೋಡಿದರೆ, ಆ ಒಂದೂವರೆ ವರ್ಷದಲ್ಲಿ ಇಲ್ಲವಾದದ್ದೇ ದೂರ. ಬೆಳಗ್ಗೆ ಏಳೂವರೆಗೆ ಮನೆ ಬಿಟ್ಟು ಸಂಜೆ ಐದಕ್ಕೆ ತಿರುಗಿ ಬರುತ್ತಿದ್ದವನು ದಿನದ 24 ಗಂಟೆಯೂ ಅಪ್ಪ ಅಮ್ಮನ ಕಣ್ಣಳತೆಯಲ್ಲಿ ಉಳಿದ. ಅವನ ತರಗತಿ, ಅವನ ಮೇಷ್ಟ್ರ ಸ್ವರ, ಅವನಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ, ಗೆಳೆಯರ ನಡುವೆ ಅವನಿಗಿದ್ದ ಅಡ್ಡಹೆಸರು, ಹೀಗೆ ಅದುವರೆಗೆ ಮನೆಗೆ ಗೊತ್ತಿಲ್ಲದಿದ್ದದ್ದೆಲ್ಲ ಚಾವಡಿಯ ಮೇಜಿನ ಮೇಲೆ ಬಂದು ಕೂತಿತು. ಆಗ ಎದ್ದ ಪ್ರಶ್ನೆ ಸಣ್ಣದೆಂದು ನನಗೆ ಅನಿಸುವುದಿಲ್ಲ. ಎದುರಿಗೇ ಇದೆಯೆಂಬ ಒಂದೇ ಕಾರಣಕ್ಕೆ ಅದನ್ನೆಲ್ಲ ನೋಡುವ ಹಕ್ಕು ತಾಯಿಗೆ ಬರುತ್ತದೆಯೇ? ಪ್ರೀತಿಯಿಂದ ನೋಡಿದರೆ ಸರಿಯೇ? ಜವಾಬ್ದಾರಿಯಿಂದ ನೋಡಿದರೆ? ನೋಡದೇ ಇರುವುದು ಗೌರವವೋ, ಸೋಮಾರಿತನವೋ?

ನಮ್ಮ ಕಡೆ ಶಾಲೆಯ ದಾರಿ ಎಂದರೆ ಅದೇ ಒಂದು ಲೋಕ. ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ಮನೆಗಳು ಒತ್ತೊತ್ತಾಗಿ ಇಲ್ಲ. ಒಂದೊಂದು ತೋಟಕ್ಕೆ ಒಂದೊಂದು ಮನೆ. ಒಂದು ಗುಡ್ಡೆಯ ಬುಡದಲ್ಲಿದ್ದರೆ ಇನ್ನೊಂದು ಹೊಳೆಯ ಆಚೆ. ಶಾಲೆಗೆ ಹೊರಟ ಮಗು ತೋಟದ ಓಣಿ ದಾಟಿ, ಸಂಕ ದಾಟಿ, ಗುಡ್ಡೆ ಹತ್ತಿ ಇಳಿದು, ಡಾಮರು ರಸ್ತೆಗೆ ಬಂದು ಬಸ್ಸನ್ನೋ ಜೀಪನ್ನೋ ಕಾಯಬೇಕು. ಪಯಸ್ವಿನಿಯ ಮೇಲೂ ಕುಮಾರಧಾರೆಯ ಮೇಲೂ ಈ ಮಕ್ಕಳ ಮಳೆಗಾಲ ನಿಂತಿದ್ದೇ ದೋಣಿ ಮತ್ತು ಸಂಕಗಳ ಮೇಲೆ. ಸುಳ್ಯದ ಗಿರೀಶ್ ಭಾರದ್ವಾಜರು ನೂರಕ್ಕೂ ಹೆಚ್ಚು ತೂಗುಸೇತುವೆಗಳನ್ನು ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರಲ್ಲ, ಆ ಸೇತುವೆಗಳಲ್ಲಿ ಎಷ್ಟರ ಮೇಲೆ ಯೂನಿಫಾರ್ಮ್ ತೊಟ್ಟ ಮಕ್ಕಳು ಓಡಿ ಹೋಗಿ ಹಲಗೆ ಅಲುಗಾಡಿಸಿರಲಿಕ್ಕಿಲ್ಲ! ಈ ದಾರಿಯಲ್ಲಿ ಮಕ್ಕಳು ಮನೆಯವರೂ ಅಲ್ಲ, ಶಾಲೆಯವರೂ ಅಲ್ಲ. ಕುಂಟಾಲ ಹಣ್ಣು ತಿಂದು ನಾಲಿಗೆ ನೀಲಿ ಮಾಡಿಕೊಳ್ಳುವುದು, ಕೇಪುಳದ ಹಣ್ಣಿಗೆ ಜಗಳವಾಡುವುದು, ಯಾರದೋ ಹೆಸರು ಹೇಳಿ ಯಾರನ್ನೋ ಕೆಣಕುವುದು, ಅಪ್ಪ ಕುಡಿದು ಬಂದ ರಾತ್ರಿಯ ಸಂಗತಿಯನ್ನು ಒಬ್ಬನೇ ಒಬ್ಬ ಗೆಳೆಯನಿಗೆ ಹೇಳುವುದು, ಎಲ್ಲ ನಡೆಯುವುದು ಅಲ್ಲಿ. ಹಿರಿಯರಿಗೆ ಆ ಲೋಕಕ್ಕೆ ಪ್ರವೇಶವಿಲ್ಲ. ಯಾರೂ ಬೇಲಿ ಹಾಕಿದ್ದಲ್ಲ, ಅಷ್ಟು ದೂರ ನಡೆಯಲು ನಮಗೆ ಪುರುಸೊತ್ತಿಲ್ಲ, ಅಷ್ಟೆ. ಮಕ್ಕಳ ಖಾಸಗಿತನವನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದದ್ದು ತಾಯಿತಂದೆಯ ಉದಾರತೆಯಲ್ಲ, ಭೂಗೋಳ.

2020ರ ಮಾರ್ಚ್ 24ರ ರಾತ್ರಿ ಆ ದಾರಿ ಮುಚ್ಚಿತು. ಮರುದಿನ ಯುಗಾದಿ. ನನ್ನ ದಾರಿಯೂ ಅಂದೇ ಮುಚ್ಚಿತು. ಪುತ್ತೂರು–ಸುಳ್ಯದ ನಡುವಿನ ನಮ್ಮ ಹಳ್ಳಿಯಿಂದ ನಾನು ದಿನವೂ ಮಂಗಳೂರಿಗೆ ಹೋಗಿ ಬರುತ್ತಿದ್ದವಳು. ಬಸ್ಸಿನ ಆ ಎರಡು ಗಂಟೆ ನನ್ನ ಕುಂಟಾಲ ಹಣ್ಣು. ಅದರ ಬದಲಿಗೆ ಮೇಜು ಬಂತು. ಹಳೆಯ ಮನೆ, ಕೋಣೆಗಳಿಗೆ ಬಾಗಿಲುಗಳಿವೆಯಾದರೂ ಹಗಲು ಯಾವುದನ್ನೂ ಮುಚ್ಚುವ ಪದ್ಧತಿಯಿಲ್ಲ. ಕೇಬಲ್ ಬರುವುದು ಚಾವಡಿಗೆ ಮಾತ್ರ. ಹಾಗಾಗಿ ಒಂದೇ ಮೇಜಿನ ಈಚೆ ಬದಿಗೆ ನಾನು, ಆಚೆ ಬದಿಗೆ ಹತ್ತನೆಯ ತರಗತಿಯ ನನ್ನ ಮಗ. ನಡುವೆ ಇನ್ವರ್ಟರಿನ ವಯರು, ಅತ್ತೆ ತಂದಿಡುವ ಬೆಲ್ಲದ ಕಾಫಿ. ಹೊರಗೆ ಔಷಧಿ ಬಿಡುವ ಪಂಪಿನ ಸದ್ದು. ಮಳೆ ಒಂದು ದಿನ ಬಿಡುವು ಕೊಟ್ಟರೆ ಮೈಲುತುತ್ತು ಹೊಡೆಯದೆ ವಿಧಿಯಿಲ್ಲ, ಕೊಳೆರೋಗಕ್ಕೆ ಲಾಕ್‌ಡೌನ್ ಅರ್ಥವಾಗುವುದಿಲ್ಲ. ಬೀಜಗಣಿತದ ಮೇಷ್ಟ್ರು, ಮಂಗಳೂರಿನ ನನ್ನ ಮ್ಯಾನೇಜರು ಮತ್ತು ತೋಟದ ಪಂಪು ಏಕಕಾಲಕ್ಕೆ ಮಾತಾಡುತ್ತಿದ್ದ ಆ ಚಾವಡಿಯಲ್ಲಿ ನಾವಿಬ್ಬರೂ ನಮ್ಮ ನಮ್ಮ ಹಾಜರಿ ಹಾಕುತ್ತಿದ್ದೆವು.

ಸರ್ಕಾರಕ್ಕೂ ಆಗ ದಿಕ್ಕು ತಿಳಿದಿರಲಿಲ್ಲ, ಅದಕ್ಕೆ ಅದನ್ನು ಬೈದು ಪ್ರಯೋಜನವಿಲ್ಲ. 2020ರ ಜೂನ್‌ನಲ್ಲಿ ಚಿಕ್ಕ ತರಗತಿಗಳಿಗೆ ಆನ್‌ಲೈನ್ ಪಾಠವೇ ಬೇಡವೆಂದಿತು. ಜುಲೈ 8ರಂದು ಹೈಕೋರ್ಟು ಆ ನಿಷೇಧಕ್ಕೆ ತಡೆ ಕೊಟ್ಟಿತು. ಜುಲೈ 20ರಿಂದ ಚಂದನ ವಾಹಿನಿಯಲ್ಲಿ ಹೈಸ್ಕೂಲಿನವರಿಗೆ ‘ಸಂವೇದ’ ಪಾಠಗಳು ಶುರುವಾದವು. ಆಗಸ್ಟಿನಲ್ಲಿ ‘ವಿದ್ಯಾಗಮ’ ಬಂತು. ಶಿಕ್ಷಕರೇ ಹಳ್ಳಿಗಳಿಗೆ ಹೋಗಿ ಜಗಲಿ, ಗುಡಿಯ ಅಂಗಳ, ಮರದ ಬುಡಗಳಲ್ಲಿ ಪಾಠ ಮಾಡುವ ಯೋಜನೆ ಅದು. ಮಗು ಶಾಲೆಗೆ ನಡೆಯುವ ಬದಲು ಶಾಲೆಯೇ ಮಗುವಿನ ಕಡೆ ನಡೆದದ್ದು. ನನ್ನ ಮಟ್ಟಿಗೆ ಆ ಇಡೀ ಕಾಲದ ಅತ್ಯಂತ ಮನುಷ್ಯಸಹಜ ಯೋಚನೆ ಅದೊಂದೇ. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಿದರು. ಉಳಿದದ್ದು ಪರದೆ.

ಪರದೆಯ ತರಗತಿಯ ಜೊತೆಗೆ ನಮ್ಮ ವಾಟ್ಸ್ಯಾಪಿಗೆ ಒಂದು ಸಲಹೆಯೂ ಬಂದಿತ್ತು. ಹೆತ್ತವರು ಪಾಠದ ಹೊತ್ತು ಪಕ್ಕದಲ್ಲಿ ಕೂತು ಮಕ್ಕಳು ಬೇರೇನೂ ನೋಡದಂತೆ ಗಮನಿಸುವುದು. ಬೆಂಗಳೂರಿನ ಗೆಳತಿಯೊಬ್ಬಳು ಒಂದು ಹೆಜ್ಜೆ ಮುಂದೆ ಹೋಗಿ, ಮಗಳ ಪರದೆಯಲ್ಲಿ ಕಾಣುವುದೆಲ್ಲ ತನ್ನ ಫೋನಿನಲ್ಲೂ ಕಾಣುವ ಆ್ಯಪ್ ಹಾಕಿಕೊಂಡಿದ್ದಳು. ಮಗಳಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಉಪಯೋಗವೇನು, ಎಂದಳು. ಅವಳ ಮಾತಿನಲ್ಲಿ ತರ್ಕವಿದೆ. ನಾನೂ ಆ ತರ್ಕವನ್ನು ಬಹಳ ದಿನ ಮನಸ್ಸಿನಲ್ಲಿಟ್ಟು ತಿರುಗಿಸಿ ನೋಡಿದೆ.

ತಿರುಗಿಸಿ ನೋಡುವಂತೆ ಮಾಡಿದ್ದು ನನ್ನದೇ ಪರದೆಯ ಮೂಲೆಯ ಹಸಿರು ಚುಕ್ಕೆ. ಮನೆಯಿಂದ ಕೆಲಸ ಮಾಡಿದವರಿಗೆಲ್ಲ ಗೊತ್ತು. ಕೆಲವು ನಿಮಿಷ ಕೀಲಿ ಮುಟ್ಟದಿದ್ದರೆ ಅದು ಹಳದಿಯಾಗುತ್ತದೆ, ಎಲ್ಲೋ ಇರುವವರಿಗೆ ‘ಇವರು ಸ್ಥಳದಲ್ಲಿಲ್ಲ’ ಎಂದು ಸಾರುತ್ತದೆ. ಕಡತವೊಂದನ್ನು ಮುಂದಿಟ್ಟುಕೊಂಡು ಕಣ್ಣುಮುಚ್ಚಿ ಯೋಚಿಸುತ್ತಿದ್ದರೂ ಹಳದಿ. ಏನೂ ಯೋಚಿಸದೆ ಮೌಸ್ ಅಲುಗಾಡಿಸುತ್ತಿದ್ದರೆ ಹಸಿರು. ಅಡುಗೆಮನೆಗೆ ಹೋಗುವಾಗೊಮ್ಮೆ ಬರುವಾಗೊಮ್ಮೆ ನಾನು ಮೌಸನ್ನು ಮುಟ್ಟಿ ಹೋಗುವುದನ್ನು ಮಗ ನೋಡುತ್ತಿದ್ದ. ಒಂದು ದಿನ ಮೇಜಿನ ಆಚೆಯಿಂದ ಕೇಳಿದ: “ಅಮ್ಮ, ನಿಂದು ಹಸಿರು ಚುಕ್ಕೆ, ನಂದು ಹಾಜರಿ. ಎರಡರಲ್ಲಿ ವ್ಯತ್ಯಾಸ ಎಂಥ?”

ಉಡಾಫೆಯ ಪ್ರಶ್ನೆಯಲ್ಲ ಅದು. ಅವನಿಗೆ ಉತ್ತರ ಬೇಕಿತ್ತು. ನಾನು ಹೇಳಿದ್ದು ಹೀಗೆ: ನನ್ನ ಚುಕ್ಕೆ ಹಳದಿಯಾದರೂ ಸಂಜೆಗೆ ನಾನು ಒಪ್ಪಿಸಬೇಕಾದ ಕೆಲಸ ಒಂದಿದೆ, ಅದು ಸರಿಯಿದೆಯೋ ಇಲ್ಲವೋ ಎಂದು ಯಾರೂ ನೋಡಬಹುದು, ಚುಕ್ಕೆ ಸುಳ್ಳು ಹೇಳಿದರೂ ಕೆಲಸ ಸುಳ್ಳು ಹೇಳುವುದಿಲ್ಲ. ನೀನು ಸಂಜೆಗೆ ಒಪ್ಪಿಸುವುದು ಏನು? ಅವನು ಸ್ವಲ್ಪ ಯೋಚಿಸಿ, “ಹಾಗಾದ್ರೆ ನನ್ನ ಹತ್ರ ಹಾಜರಿ ಬಿಟ್ಟು ಬೇರೆ ಏನೂ ಇಲ್ವಲ್ಲ” ಎಂದ.

ಅಲ್ಲಿ ಮಾತು ನಿಂತಿತು, ನನ್ನ ಯೋಚನೆ ನಿಲ್ಲಲಿಲ್ಲ. ಹತ್ತನೆಯ ತರಗತಿಯ ಒಂದು ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಹುಡುಗನೊಬ್ಬ ಪಾಠ ಕೇಳಿದ್ದರ ಫಲ ಏನು? ಅಂದು ಸಂಜೆ ಅದು ಯಾರ ಕೈಗೂ ಸಿಗುವ ವಸ್ತುವಲ್ಲ. ಅದು ಮನಸ್ಸು ಎಲ್ಲಿತ್ತು ಎಂಬುದರ ಸಂಗತಿ. ಮನಸ್ಸು ಎಲ್ಲಿದೆಯೆಂದು ಹೊರಗಿನಿಂದ ನೋಡಲು ಬರುವುದಿಲ್ಲ. ಕಣ್ಣು ಎಲ್ಲಿದೆಯೆಂದು ನೋಡಬಹುದು ಅಷ್ಟೆ. ಕಾಣದ್ದನ್ನು ಅಳೆಯಲಾಗದೆ ಕಾಣುವುದನ್ನು ಅಳೆಯುತ್ತೇವೆ. ಕಾಣುವುದನ್ನು ಅಳೆಯುತ್ತಾರೆಂದು ತಿಳಿದ ಮಗು ಕಾಣಬೇಕಾದ್ದನ್ನು ಕಾಣಿಸಲು ಕಲಿಯುತ್ತದೆ. ಕ್ಯಾಮೆರಾದ ಎದುರು ತಲೆಯಾಡಿಸುವ ವಿದ್ಯೆಯಲ್ಲಿ ಆ ವರ್ಷದ ಮಕ್ಕಳನ್ನು ಯಾರೂ ಮೀರಿಸಲಾರರು. ಪಕ್ಕದಲ್ಲಿ ಕೂತು ಕಾಯುವ ತಾಯಿ ಆ ವಿದ್ಯೆಗೆ ಇನ್ನೊಬ್ಬ ಪರೀಕ್ಷಕಳಾಗುತ್ತಾಳೆಯೇ ಹೊರತು ಬೀಜಗಣಿತಕ್ಕೆ ಏನೂ ಆಗುವುದಿಲ್ಲ.

ಇಂಗ್ಲೆಂಡಿನ ತತ್ವಜ್ಞಾನಿ ಜೆರೆಮಿ ಬೆಂಥಮ್ 1791ರಲ್ಲಿ ‘ಪ್ಯಾನಾಪ್ಟಿಕಾನ್’ ಎಂಬ ಕಟ್ಟಡದ ಯೋಜನೆಯನ್ನು ಪುಸ್ತಕವಾಗಿ ಪ್ರಕಟಿಸಿದ. ನಡುವೆ ಒಂದು ಗೋಪುರ, ಸುತ್ತ ವೃತ್ತಾಕಾರದಲ್ಲಿ ಕೋಣೆಗಳು. ಗೋಪುರದಲ್ಲಿರುವವನಿಗೆ ಎಲ್ಲರೂ ಕಾಣುತ್ತಾರೆ. ಕೋಣೆಯಲ್ಲಿರುವವರಿಗೆ ಗೋಪುರದೊಳಗೆ ಯಾರಾದರೂ ಇದ್ದಾರೋ ಇಲ್ಲವೋ ತಿಳಿಯುವುದಿಲ್ಲ. ಜೈಲಿನ ಯೋಜನೆಯೆಂದೇ ಅದು ಹೆಸರಾಗಿದೆ. ಆದರೆ ಬೆಂಥಮನ ಪುಸ್ತಕದ ಮುಖಪುಟದಲ್ಲಿ ಜೈಲು, ಕಾರ್ಖಾನೆ, ಆಸ್ಪತ್ರೆಗಳ ಜೊತೆ ಪಟ್ಟಿಯ ಕೊನೆಗೆ ಶಾಲೆಯೂ ಇದೆ. ಅವನ ಉಪಾಯದ ತಿರುಳು ನೋಡುವುದರಲ್ಲಿಲ್ಲ. ಯಾವಾಗ ನೋಡುತ್ತಿದ್ದಾರೆಂದು ನೋಡಿಸಿಕೊಳ್ಳುವವನಿಗೆ ತಿಳಿಯದಿರುವುದರಲ್ಲಿದೆ. ಗೆಳತಿಯ ಆ್ಯಪು ಅದಕ್ಕಿಂತಲೂ ಒಂದು ಮೆಟ್ಟಿಲು ಮೇಲೆ. ಬೆಂಥಮನ ಕೈದಿಗೆ ಗೋಪುರವಿದೆಯೆಂದಾದರೂ ಗೊತ್ತಿತ್ತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕಡೆಯ ಹಿರಿಯರ ಕೆಮ್ಮು. ಮುಚ್ಚದ ಬಾಗಿಲುಗಳ ಮನೆಗಳಲ್ಲಿ ಬಾಗಿಲು ತಟ್ಟುವ ಕ್ರಮವೇ ಇರಲಿಲ್ಲ. ಅದರ ಬದಲು, ಒಳಗೆ ಮಗಳು ಸೊಸೆಯರೋ ಬೆಳೆದ ಹುಡುಗರೋ ಇದ್ದಾರೆಂದಾದರೆ ಅಜ್ಜಂದಿರು ಜಗಲಿಯಲ್ಲೇ ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಊರುಗೋಲನ್ನು ಕುಟ್ಟಿ ಒಳಬರುತ್ತಿದ್ದರು. ಬರುತ್ತಿದ್ದೇನೆ, ನಿಮ್ಮ ನಿಮ್ಮದನ್ನು ಸರಿಮಾಡಿಕೊಳ್ಳಿ ಎಂದು ಅದರ ಅರ್ಥ. ಒಳಗೆ ಬರುವ ಅಧಿಕಾರ ಅವರಿಗೆ ಪೂರ್ತಿ ಇತ್ತು; ಆ ಅಧಿಕಾರವನ್ನು ಮುಂದಾಗಿ ಸಾರಿ ಬಳಸುತ್ತಿದ್ದರು. 2020ರಲ್ಲಿ ಕೆಮ್ಮಿಗೆ ಎಂಥ ಹೆಸರು ಬಂತು ಎಂಬುದು ಎಲ್ಲರಿಗೂ ತಿಳಿದದ್ದೇ. ಅಷ್ಟು ಸಭ್ಯವಾದ ಒಂದು ಸಂಜ್ಞೆ ರೋಗಲಕ್ಷಣವಾಗಿಬಿಟ್ಟಿತು.

ನೋಡಬಹುದೇ ಬಾರದೇ ಎಂಬ ಪ್ರಶ್ನೆಗೆ ಆ ಕೆಮ್ಮಿನಲ್ಲಿ ಅರ್ಧ ಉತ್ತರವಿದೆ ಎಂದು ನನ್ನ ಅಭಿಪ್ರಾಯ. ನೋಡಿದ್ದನ್ನು ಮಗುವಿನ ಮುಖ ನೋಡಿ ಹೇಳಬಲ್ಲೆನಾದರೆ ಆ ನೋಟದಲ್ಲಿ ನನಗೂ ಅವನಿಗೂ ನಡುವಿನ ಸಂಬಂಧ ಉಳಿದಿದೆ. ಹೇಳಲಾರೆನಾದರೆ ನಾನು ತಾಯಿಯ ಕೆಲಸ ಬಿಟ್ಟು ಗೋಪುರದ ಕೆಲಸಕ್ಕೆ ಸೇರಿದ್ದೇನೆ. ನಾವು ಮೇಜಿನ ಮೇಲೆ ಎರಡೂ ಪರದೆಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಇಟ್ಟೆವು. ಅವನದು ನನಗೆ ಕಾಣದು, ನನ್ನದು ಅವನಿಗೆ. ಅವನ ಬದಿಗೆ ಹೋಗಬೇಕಾದರೆ ನಾನು “ಬರ್ತೇನೆ” ಎಂದು ಹೇಳಿಯೇ ಹೋಗುವುದು. ಊಟಕ್ಕೆ ಕೂತಾಗ ಬೆಳಗ್ಗಿನ ಪಾಠದಲ್ಲಿ ಅವನಿಗೆ ಅರ್ಥವಾಗದ ಒಂದು ವಿಷಯ ಹೇಳಬೇಕು, ಅರ್ಥವಾದದ್ದಲ್ಲ. ಎಷ್ಟೋ ದಿನ “ಎಂಥದೂ ಇಲ್ಲ” ಎಂದು ಅನ್ನಕ್ಕೆ ಸಾರು ಹಾಕಿಕೊಳ್ಳುತ್ತಿದ್ದ. ಅದನ್ನೂ ಉತ್ತರವೆಂದು ತೆಗೆದುಕೊಳ್ಳುವುದು ಸುಲಭವಾಗಿರಲಿಲ್ಲ.

ಅರ್ಧ ಉತ್ತರ ಎಂದೆ. ಉಳಿದ ಅರ್ಧ ಕಷ್ಟದ್ದು, ಅದು ಎದುರಾದದ್ದು 2021ರ ಮೇ ತಿಂಗಳಲ್ಲಿ. ಆ ಜನವರಿ 1ರಿಂದ ಹತ್ತನೆಯವರಿಗೆ ಶಾಲೆ ತೆರೆದಿತ್ತು. ಎರಡನೆಯ ಅಲೆ ಬಂದು ಮತ್ತೆ ಮುಚ್ಚಿತ್ತು. ಪರೀಕ್ಷೆ ಮುಂದೆ ಹೋಗಿತ್ತು, ಪುನರಾವರ್ತನೆಯ ತರಗತಿಗಳು ನಡೆಯುತ್ತಿದ್ದವು. ಮೂರು ದಿನ ಸತತವಾಗಿ ಆಚೆ ಬದಿಯಿಂದ ಫೋನಿನಲ್ಲಿ ಟೈಪು ಮಾಡುವ ಸಣ್ಣ ಟಕಟಕ ಕೇಳುತ್ತಿತ್ತು. ವಿಜ್ಞಾನದ ಮೇಷ್ಟ್ರು ವಿದ್ಯುತ್ಕಾಂತದ ಪ್ರಶ್ನೆಗಳನ್ನು ಬಿಡಿಸುತ್ತಿದ್ದರು. ಇವನ ಬೆರಳು ನಿಲ್ಲುತ್ತಿರಲಿಲ್ಲ. ಎದ್ದು ನಾಲ್ಕು ಹೆಜ್ಜೆ ಇಟ್ಟರೆ ತಿಳಿಯುತ್ತಿತ್ತು. ನಾನು ಕೇಳಿದೆ: “ಪಾಠ ನಡೀತಿದೆ, ನೀನು ಬೇರೆಲ್ಲೋ ಇದ್ದಿ. ಹೇಳುವಂಥದ್ದಾದರೆ ಹೇಳು.” ಆಮೇಲೆ, ಎಂದ.

ಹೇಳಿದ್ದು ಮೂರನೆಯ ರಾತ್ರಿ. ಅವನ ತರಗತಿಯ ಹುಡುಗನೊಬ್ಬನ ತಂದೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಮೇಲಿದ್ದರು. ತಾಯಿಗೂ ಸೋಂಕು, ಅವರು ಬೇರೆ ಕಡೆ. ಕಡಬದ ಕಡೆಯ ಒಂಟಿ ಮನೆಯಲ್ಲಿ ಹುಡುಗ ಮತ್ತು ಅವನ ಅಜ್ಜಿ ಮಾತ್ರ. ಹಗಲಿಡೀ ಆಸ್ಪತ್ರೆಯ ಫೋನು ಕಾಯುತ್ತ ಅವನೊಬ್ಬನೇ ಕೂತಿರಬಾರದೆಂದು ಏಳು ಹುಡುಗರು ಪಾಳಿ ಹಾಕಿಕೊಂಡಿದ್ದರು. ಒಬ್ಬೊಬ್ಬರು ಒಂದೊಂದು ಪೀರಿಯಡ್. ಮಾತು ಏನೂ ಇಲ್ಲ. ಕ್ರಿಕೆಟ್ಟು, ಮೀಮು, ಬೈಗುಳ. ನನ್ನ ಮಗನ ಪಾಳಿ ವಿಜ್ಞಾನದ ಹೊತ್ತಿಗೆ.

ಆ ತಂದೆ 19 ದಿನಗಳ ನಂತರ ಮನೆಗೆ ಬಂದರು, ಅರ್ಧ ಇಳಿದುಹೋಗಿದ್ದರು, ಆದರೆ ಬಂದರು. ಈ ಸಂಗತಿಯನ್ನು ನಾನು ನನ್ನ ನಿಲುವಿಗೆ ಪುರಾವೆಯಾಗಿ ಇಡುತ್ತಿಲ್ಲ, ಯಾಕೆಂದರೆ ಅದು ಎರಡೂ ಕಡೆ ಕತ್ತರಿಸುತ್ತದೆ. ನಾನು ಎದ್ದು ಹೋಗಿ ನೋಡಿದ್ದರೆ ಕಾಣುತ್ತಿದ್ದದ್ದು ಪಾಠದ ಹೊತ್ತಿನಲ್ಲಿ ಮೀಮು ಕಳಿಸುವ ಹುಡುಗ. ಅದು ನಿಜವೂ ಹೌದು. ವಿದ್ಯುತ್ಕಾಂತ ಅವನ ತಲೆಗೆ ಹೋಗಿರಲಿಲ್ಲ. ಕಣ್ಣು ಕೊಡುವ ಮಾಹಿತಿ ಸರಿಯಾಗಿದ್ದೂ ಅದರಿಂದ ಬರುವ ತೀರ್ಪು ಪೂರ್ತಿ ತಪ್ಪಾಗುವುದು ಹೀಗೆ. ಇದು ಒಂದು ಮಗ್ಗುಲು. ಇನ್ನೊಂದು ಮಗ್ಗುಲಲ್ಲಿ ಅಲ್ಲಿ ಒಬ್ಬ ಅಜ್ಜಿಯಿದ್ದರು. ಮೂರು ದಿನ ಮೊದಲೇ ದೊಡ್ಡವರು ಯಾರಿಗಾದರೂ ತಿಳಿದಿದ್ದರೆ ಆ ಮನೆಗೆ ಅಕ್ಕಿ ಸಾಮಾನು, ಅಜ್ಜಿಯ ಬಿಪಿ ಮಾತ್ರೆ ಮೂರು ದಿನ ಮೊದಲೇ ತಲುಪುತ್ತಿತ್ತು. ಹುಡುಗರಿಗೆ ಗೆಳೆಯನ ಒಂಟಿತನ ಕಂಡಿತ್ತು, ಅಜ್ಜಿಯ ಮಾತ್ರೆ ಹೊಳೆದಿರಲಿಲ್ಲ. ನೋಡದಿರುವುದಕ್ಕೂ ಬೆಲೆ ಇದೆ, ಕೆಲವೊಮ್ಮೆ ಅದನ್ನು ತೆರುವವರು ಮೂರನೆಯವರು. ಇದನ್ನು ಮುಚ್ಚಿಟ್ಟು ಮಕ್ಕಳ ಖಾಸಗಿತನದ ಬಗ್ಗೆ ಬರೆಯುವವರನ್ನು ನಾನು ನಂಬುವುದಿಲ್ಲ. ಅದೇ ತಿಂಗಳುಗಳಲ್ಲಿ ಫೋನಿನೊಳಗಿನ ಬೆದರಿಕೆಗೆ ಸಿಕ್ಕಿ ಒದ್ದಾಡುತ್ತಿದ್ದ ಮಕ್ಕಳೂ ಇದ್ದರು, ತಾಯಿ ನೋಡಿದ್ದರಿಂದಲೇ ಉಳಿದವರು. ಬೆಂಕಿ ಬಿದ್ದ ಮನೆಗೆ ಯಾರೂ ಕೆಮ್ಮಿ ಒಳಹೋಗುವುದಿಲ್ಲ.

ಆ ರಾತ್ರಿಯಿಂದ ನನ್ನನ್ನು ಕಾಡಿದ್ದು ಬೇರೆಯೇ ಒಂದು ಮಾತು. ಸಿಮೋನ್ ವೇಯ್ ಎಂಬ ಫ್ರೆಂಚ್ ಚಿಂತಕಿ, ತಾನೇ ಶಾಲಾ ಶಿಕ್ಷಕಿಯಾಗಿದ್ದವಳು, 1942ರಲ್ಲಿ ಶಾಲೆಯ ಪಾಠಗಳ ಪ್ರಯೋಜನದ ಬಗ್ಗೆ ಒಂದು ಪ್ರಬಂಧ ಬರೆದಳು. ಅವಳ ವಾದದಲ್ಲಿ ರೇಖಾಗಣಿತದ ಲೆಕ್ಕ ಬಿಡಿಸುವುದರ ನಿಜವಾದ ಲಾಭ ಗಮನ ಕೊಡುವ ಶಕ್ತಿ ಬೆಳೆಯುವುದು. ಲೆಕ್ಕ ಬಿಡಿಸಲು ಬಾರದಿದ್ದರೂ ಆ ಗಂಟೆ ವ್ಯರ್ಥವಲ್ಲ. ಅಷ್ಟಕ್ಕೇ ನಿಲ್ಲದೆ ಅವಳು, ಸಂಕಟದಲ್ಲಿರುವ ಇನ್ನೊಬ್ಬ ಮನುಷ್ಯನನ್ನು ನಿಜವಾಗಿ ನೋಡಿ ಅವನ ಕಷ್ಟವೇನೆಂದು ಕೇಳಲು ಬೇಕಾದದ್ದೂ ಅದೇ ಶಕ್ತಿ ಎನ್ನುತ್ತಾಳೆ. ಹಾಗಾದರೆ ವಿಜ್ಞಾನದ ಪೀರಿಯಡಿನಲ್ಲಿ ನನ್ನ ಮಗ ಗೈರುಹಾಜರೋ ಹಾಜರೋ? ವೇಯ್ ಕೂಡ ಇದಕ್ಕೆ ಸುಲಭದ ಉತ್ತರ ಕೊಡುತ್ತಿರಲಿಲ್ಲವೇನೋ. ವಿದ್ಯುತ್ಕಾಂತವನ್ನೂ ಕಲಿಯಬೇಕಲ್ಲ, ಅದೂ ಗೆಳೆಯನಷ್ಟೇ ಹೊರಗಿನ ಸತ್ಯ. ಆದರೆ ಅವನ ಗಮನ ಖರ್ಚಾದ ಜಾಗ ನನ್ನ ಹಾಜರಿ ಪುಸ್ತಕದಲ್ಲಿ ಇರಲಿಲ್ಲ ಎಂಬುದಂತೂ ಖಂಡಿತ.

ಆ ದಿನಗಳಲ್ಲಿ ಆನ್‌ಲೈನ್ ಪಾಠದ ಬಗ್ಗೆ ಬರೆದವರೆಲ್ಲ ಏಕಲವ್ಯನನ್ನು ಕರೆತಂದರು, ಪಾಪ, ಅವನ ಹೆಬ್ಬೆರಳನ್ನು ಮತ್ತೊಮ್ಮೆ ಕತ್ತರಿಸಿದರು. ನನಗೆ ನೆನಪಾಗುತ್ತಿದ್ದವನು ಭೃಗು. ತೈತ್ತಿರೀಯ ಉಪನಿಷತ್ತಿನ ಮೂರನೆಯ ಭಾಗದಲ್ಲಿ ಬರುತ್ತಾನೆ. ತಂದೆ ವರುಣನ ಬಳಿ ಹೋಗಿ ಬ್ರಹ್ಮವನ್ನು ಕಲಿಸು ಎನ್ನುತ್ತಾನೆ. ವರುಣ ಒಂದು ಸುಳಿವು ಕೊಟ್ಟು, ತಪಸ್ಸಿನಿಂದ ನೀನೇ ತಿಳಿ ಎಂದು ಕಳಿಸುತ್ತಾನೆ. ಮಗ ಹೋಗಿ ಯೋಚಿಸಿ, ಅನ್ನವೇ ಬ್ರಹ್ಮ ಎಂದುಕೊಂಡು ಮತ್ತೆ ಬರುತ್ತಾನೆ. ತಂದೆ ತಪ್ಪು ಎನ್ನುವುದಿಲ್ಲ, ಸರಿ ಎನ್ನುವುದೂ ಇಲ್ಲ, ಇನ್ನೂ ತಪಸ್ಸು ಮಾಡು ಎನ್ನುತ್ತಾನೆ. ಪ್ರಾಣ, ಮನಸ್ಸು, ವಿಜ್ಞಾನ. ಪ್ರತಿಸಲವೂ ಮಗ ಏನೋ ಒಂದನ್ನು ಹಿಡಿದುಕೊಂಡು ಬರುತ್ತಾನೆ, ಪ್ರತಿಸಲವೂ ಅದೇ ಮಾತು. ವರುಣ ಒಮ್ಮೆಯೂ ಮಗನ ಹಿಂದೆ ಹೋಗಿ ಅವನು ತಪಸ್ಸು ಮಾಡುತ್ತಿದ್ದಾನೋ ತೂಕಡಿಸುತ್ತಿದ್ದಾನೋ ಎಂದು ನೋಡಿದ ಪ್ರಸ್ತಾಪವಿಲ್ಲ. ಆದರೆ ಮಗ ಬಂದಾಗಲೆಲ್ಲ ಅಲ್ಲಿದ್ದ. ಐದನೆಯ ಸಲ ಆನಂದವೆಂದು ತಿಳಿದ ಮೇಲೆ ಭೃಗು ತಂದೆಯ ಬಳಿ ಮರಳಿದನೆಂದು ಉಪನಿಷತ್ತು ಹೇಳುವುದಿಲ್ಲ. ವೇದಾಂತಿಗಳು ಇದಕ್ಕೆ ಕೊಡುವ ಅರ್ಥ ಬೇರೆ ಇರಬಹುದು. ಹದಿಹರೆಯದವರ ತಾಯಿಯಾಗಿ ನನಗೆ ಆ ಐದನೆಯ ಮೌನ ಬಹಳ ಅರ್ಥವಾಗುತ್ತದೆ.

ನಮ್ಮ ತೋಟಗಳಲ್ಲಿ ಇಂದಿಗೂ ಒಂದು ರೂಢಿಯಿದೆ. ಕೆಲಸದವರೋ ಮನೆಯವರೋ ದೂರದಲ್ಲಿದ್ದರೆ ಮನೆಯ ಹಿತ್ತಿಲಿನಿಂದ ‘ಕೂ’ ಎಂದು ಕೂಗುವುದು. ಆಚೆಯಿಂದ ‘ಕೂ’ ಎಂದು ಮರುದನಿ ಬಂದರೆ ಸಾಕು. ಎಲ್ಲಿದ್ದೀ, ಏನು ಮಾಡುತ್ತಿದ್ದೀ ಎಂಬುದಿಲ್ಲ. ಕೂಗಿದರೆ ಕೇಳುವಷ್ಟು ದೂರಕ್ಕೆ ಕನ್ನಡದಲ್ಲಿ ಕೂಗಳತೆ ಎಂಬ ಚಂದದ ಮಾತಿದೆ. ಕಣ್ಣಳತೆಯಲ್ಲಿ ಒಬ್ಬರು ನೋಡುತ್ತಾರೆ, ಇನ್ನೊಬ್ಬರು ನೋಡಿಸಿಕೊಳ್ಳುತ್ತಾರೆ. ಕೂಗಳತೆಯಲ್ಲಿ ಇಬ್ಬರೂ ದನಿ ಕೊಡಬೇಕು, ಇಲ್ಲವಾದರೆ ಅಳತೆಯೇ ಸಿಗುವುದಿಲ್ಲ.

ಇಷ್ಟೆಲ್ಲ ಬರೆಯಲು ನನಗೆ ಮೇಜು, ಕೇಬಲ್, ಇನ್ವರ್ಟರ್ ಇತ್ತು. ಹತ್ತು ಮೈಲಿ ಆಚೆಗೆ ಪ್ರಶ್ನೆಯೇ ಬೇರೆ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಗ್ರಾಮದಲ್ಲಿ ಸ್ಥಳೀಯ ಪತ್ರಕರ್ತರೊಬ್ಬರು ತೆಗೆದ ಫೋಟೋ ದೇಶವೆಲ್ಲ ಓಡಾಡಿತು. ಸುರಿಯುವ ಮಳೆ, ರಸ್ತೆಬದಿಯಲ್ಲಿ ಎಸ್ಸೆಸ್ಸೆಲ್ಸಿಯ ಹುಡುಗಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ತಂದೆ ಅವಳ ಮೇಲೆ ಕೊಡೆ ಹಿಡಿದು ನಿಂತಿದ್ದಾರೆ. ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಸಿಗುವುದು ಆ ರಸ್ತೆಬದಿಯಲ್ಲಿ. ಜನ ಅದನ್ನು ಪಿತೃವಾತ್ಸಲ್ಯದ ಚಿತ್ರವೆಂದು ಹಂಚಿಕೊಂಡರು. ಮೊದಲನೆಯದಾಗಿ ಅದು ಟವರ್ ಇಲ್ಲದಿರುವುದರ ಚಿತ್ರ, ಆಮೇಲೆ ಬೇಕಾದರೆ ವಾತ್ಸಲ್ಯದ್ದು. ಕೊರತೆಗೆ ಭಾವಗೀತೆ ಬರೆಯುವುದು ನಮಗೆ ಅಂಟಿದ ಚಟ. ಆದರೂ ಆ ಕೊಡೆಯನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಒಳಗೆ ನಡೆಯುತ್ತಿರುವುದು ಬೀಜಗಣಿತವೋ ಇತಿಹಾಸವೋ ಕೊಡೆಗೆ ತಿಳಿಯುವ ಅಗತ್ಯವಿಲ್ಲ. ಮಳೆಯನ್ನು ಹೊರಗಿಟ್ಟರೆ ಅದರ ಕೆಲಸ ಮುಗಿಯಿತು. ಕೈಗೆ ಮಾತ್ರ ನೋವಾಗುತ್ತದೆ.

ಅದೇ ಫೋಟೋದಲ್ಲಿ ಇನ್ನೊಂದು ಸಂಗತಿಯೂ ಇದೆ, ಅದು ನನ್ನ ವಾದಕ್ಕೆ ಅಷ್ಟು ಅನುಕೂಲವಲ್ಲ. ನೆಟ್‌ವರ್ಕ್ ಹುಡುಕಿ ನಮ್ಮ ಹುಡುಗರು ಗುಂಪುಗುಂಪಾಗಿ ಗುಡ್ಡೆ ಹತ್ತುತ್ತಿದ್ದರು. ಗೇರುಮರದ ಬುಡದಲ್ಲಿ ಟಾರ್ಪಾಲು ಕಟ್ಟಿಕೊಂಡು ಕೂತು, ಪಾಠವೋ ಆಟವೋ, ಅವರಿಗೆ ಶಾಲೆಯ ದಾರಿ ಬೇರೊಂದು ರೂಪದಲ್ಲಿ ಮರಳಿ ಸಿಕ್ಕಿತ್ತು. ಹುಡುಗಿಯರು ಹೋದಲ್ಲಿಗೆ ಜೊತೆಗೆ ಅಪ್ಪನೋ ಅಣ್ಣನೋ ಹೋಗಬೇಕಿತ್ತು. ನಿರ್ಜನ ಗುಡ್ಡೆಯಲ್ಲಿ ಅದು ಬೇಡವೆಂದು ಹೇಳುವ ಧೈರ್ಯ ನನಗೂ ಇಲ್ಲ. ದೂರವೆಂಬುದನ್ನು ನಾನು ಮಗನಿಗೆ ಕೊಟ್ಟಷ್ಟು ಸಲೀಸಾಗಿ ಮಗಳಿದ್ದರೆ ಕೊಡುತ್ತಿದ್ದೆನೇ? ಆ ಬೆಂಗಳೂರಿನ ಗೆಳತಿಗೆ ಇರುವುದು ಮಗಳು. ಅವಳ ಹೆದರಿಕೆ ನನ್ನ ಹೆದರಿಕೆಗಿಂತ ಬೇರೆ ತೂಕದ್ದು. ಅವಳ ಆ್ಯಪನ್ನು ನಾನು ಒಪ್ಪುವುದಿಲ್ಲ. ಅವಳಿಗೆ ನನ್ನ ಮೇಜಿನ ಕಥೆ ಹೇಳಿ ಬುದ್ಧಿ ಹೇಳುವುದನ್ನೂ ಬಿಟ್ಟಿದ್ದೇನೆ. ರಹಸ್ಯವಾಗಿ ನೋಡಬೇಡ, ಅಷ್ಟು ಮಾತ್ರ ಇಂದಿಗೂ ಹೇಳುತ್ತೇನೆ. ನೋಡಬೇಡ ಎಂದು ಹೇಳಲಾರೆ.

ಪುತ್ತೂರಿನ ಪರ್ಲಡ್ಕದಲ್ಲಿ ಶಿವರಾಮ ಕಾರಂತರ ಬಾಲವನವಿದೆ. ಬೆತ್ತ, ಬೆಂಚು, ಗಂಟೆಯ ಶಾಲೆಯ ಬಗ್ಗೆ ಬೇಸರವಿದ್ದ ಕಾರಂತರು ಮಕ್ಕಳ ಕಲಿಕೆಯ ಪ್ರಯೋಗಗಳನ್ನು ಅಲ್ಲಿ ನಡೆಸಿದ್ದರು. ಕೊರೋನಾದ ನಡುವೆ ಒಮ್ಮೆ ಪೇಟೆಗೆ ಹೋದವರು ಆ ದಾರಿಯಾಗಿ ಬಂದೆವು. ಗೇಟು ಮುಚ್ಚಿತ್ತು, ಮರಗಳು ಕಾಣುತ್ತಿದ್ದವು. ಇಲ್ಲಿ ಹಾಜರಿ ತೆಗೆದುಕೊಳ್ಳುತ್ತಿದ್ದರಾ ಎಂದು ಮಗ ಕೇಳಿದ. ಹಾಜರಿ ಬಿಟ್ಟು ಬೇರೇನೂ ಇಲ್ಲ ಎಂದವನೇ ಈ ಪ್ರಶ್ನೆ ಕೇಳಿದನಲ್ಲ ಎಂದು ನನಗೆ ಸಮಾಧಾನವಾಯಿತು.

ಕೊನೆಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ 2021ರ ಜುಲೈ 19 ಮತ್ತು 22ರಂದು, ಎರಡೇ ದಿನ ನಡೆಯಿತು. ಆರು ವಿಷಯಗಳಿಗೆ ಒಎಂಆರ್ ಹಾಳೆಯಲ್ಲಿ ಸುತ್ತು ತುಂಬಿಸುವುದು. ಯಾರನ್ನೂ ನಪಾಸು ಮಾಡುವುದಿಲ್ಲವೆಂದು ಮೊದಲೇ ಹೇಳಿದ್ದರಿಂದ ಮನೆಯಲ್ಲಿ ಅಂಥ ಬಿಸಿ ಇರಲಿಲ್ಲ. ವಿದ್ಯುತ್ಕಾಂತದ ಪ್ರಶ್ನೆ ಬಂದಿತ್ತೋ ಏನೋ, ನಾನು ಕೇಳಲಿಲ್ಲ. ಆ ವರ್ಷ ಪಿಯುಸಿಗೆ ಪುತ್ತೂರಿಗೆ ಸೇರಿದ. ಬಸ್ಸು ಶುರುವಾಯಿತು, ಸಂಜೆ ತಡವಾಗಿ ಬರತೊಡಗಿದ, ತಡ ಯಾಕೆಂದು ಕೇಳಿದರೆ ಮತ್ತೆ “ಎಂಥದೂ ಇಲ್ಲ”. ನನ್ನ ಕಚೇರಿ ವಾರಕ್ಕೆ ಮೂರು ದಿನ ತೆರೆಯಿತು.

ಈಚೆಗೆ ರಜೆಯಲ್ಲಿ ಮನೆಗೆ ಬಂದಿದ್ದಾಗ, ಅದೇ ಮೇಜಿನಲ್ಲಿ ನಾವು ಕಾಳುಮೆಣಸು ಆರಿಸುತ್ತ ಕೂತಿದ್ದಾಗ, ಅವನಾಗಿಯೇ ಕೇಳಿದ: “ಆವಾಗ ಒಂದು ಸಲವೂ ನನ್ನ ಸ್ಕ್ರೀನ್ ನೋಡಿಲ್ವಾ ನೀನು?” ಇಲ್ಲ ಎಂದೆ. ನಂಬಿದನೋ ಇಲ್ಲವೋ, ಸ್ವಲ್ಪ ಹೊತ್ತು ಕಾಳು ಆರಿಸಿದ.

“ನೋಡಿದ್ರೂ ದೊಡ್ಡದೇನೂ ಇರ್ಲಿಲ್ಲ” ಎಂದ. “ಸಮಾಜ ವಿಜ್ಞಾನದಲ್ಲಿ ಪೂರ್ತಿ ಚೆಸ್ ಆಡ್ತಿದ್ದೆ.”